ಕಂಪ್ಯೂಟರಿನಲ್ಲಿ ಕಚೇರಿ: ಡ್ಯಾಕ್ ಜೋಡಿಸುವ ಬಗೆ

ಕಂಪ್ಯೂಟರಿನೊಳಗೆ ಸಂಗೀತ ಇರುವುದು ಅಂಕಿಗಳ ಸಾಲಾಗಿ. ಸಿಡಿಯ ಲೆಕ್ಕದಲ್ಲಿ ಹೇಳುವುದಾದರೆ, ಧ್ವನಿಯ ಮಟ್ಟವನ್ನು ಸೆಕೆಂಡಿಗೆ 44,100 ಸಲ ಅಳೆದು, ಒಂದೊಂದು ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಟ್ಟಿರುತ್ತಾರೆ; ಎಡಗಿವಿಗೆ ಒಂದು ಸಾಲು, ಬಲಗಿವಿಗೆ ಇನ್ನೊಂದು. ಈ ಅಂಕಿಗಳನ್ನು ಮತ್ತೆ ಏರಿಳಿಯುವ ವಿದ್ಯುತ್ತಾಗಿ ಮಾಡಿ ಹೆಡ್‌ಫೋನಿಗೋ ಆಂಪ್ಲಿಫೈಯರಿಗೋ ಕೊಡುವ ಭಾಗಕ್ಕೆ ಡಿಜಿಟಲ್-ಟು-ಅನಲಾಗ್ ಕನ್ವರ್ಟರ್ ಎಂದು ಹೆಸರು. ಬಳಕೆಯಲ್ಲಿ ಅದು ಡ್ಯಾಕ್. ಮೊಬೈಲ್, ಟಿವಿ, ಲ್ಯಾಪ್‌ಟಾಪ್ ಎಲ್ಲದರೊಳಗೂ ಒಂದು ಡ್ಯಾಕ್ ಇದ್ದೇ ಇರುತ್ತದೆ. ಹೊರಗಿನಿಂದ ಯುಎಸ್‌ಬಿ ತಂತಿಯಲ್ಲಿ ಜೋಡಿಸುವ ಡ್ಯಾಕ್ ಅದೇ ಕೆಲಸವನ್ನು ಹೆಚ್ಚು ಶುದ್ಧವಾಗಿ ಮಾಡುತ್ತದೆ. ಆದರೆ ಪೆಟ್ಟಿಗೆ ತಂದು ತಂತಿ ಸಿಕ್ಕಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಕಡತದಲ್ಲಿರುವ ಅಂಕಿಗಳು ಬದಲಾಗದೆ ಡ್ಯಾಕ್ ತಲುಪುವಂತೆ ಸಾಫ್ಟ್‌ವೇರನ್ನು ಹೊಂದಿಸಬೇಕು. ಹಣ ಕೊಟ್ಟು ಒಳ್ಳೆಯ ಡ್ಯಾಕ್ ತಂದ ಅನೇಕ ಮನೆಗಳಲ್ಲಿ ಆಗದೇ ಉಳಿಯುವ ಕೆಲಸ ಇದೊಂದೇ.

ಸ್ಯಾಂಪಲ್ ದರ ಮತ್ತು ಬಿಟ್ ಆಳ ಎಂಬ ಎರಡು ಅಳತೆಗಳನ್ನು ಮೊದಲು ತಿಳಿಯಬೇಕು. ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತಾರೋ ಅದರ ಅರ್ಧದಷ್ಟು ಕಂಪನಾಂಕದವರೆಗಿನ ನಾದವನ್ನು ಹಿಡಿದಿಡಬಹುದು. ಸಿಡಿಯ 44.1 ಕಿಲೋಹರ್ಟ್ಸ್ ದರ 22 ಕಿಲೋಹರ್ಟ್ಸ್‌ವರೆಗಿನದನ್ನು ಹಿಡಿಯುತ್ತದೆ. ಮನುಷ್ಯನ ಕಿವಿಯ ಮೇಲಿನ ಮಿತಿ ಚಿಕ್ಕ ವಯಸ್ಸಿನಲ್ಲಿ ಸುಮಾರು 20 ಕಿಲೋಹರ್ಟ್ಸ್. ವಯಸ್ಸಾದಂತೆ ಅದು ಇಳಿಯುತ್ತಲೇ ಹೋಗುತ್ತದೆ. ಬಿಟ್‌ಗಳ ಸಂಖ್ಯೆ ನಿರ್ಧರಿಸುವುದು ಅತಿ ಮೆಲುದನಿಗೂ ಅತಿ ಗಟ್ಟಿ ದನಿಗೂ ನಡುವೆ ಎಷ್ಟು ಅಂತರ ಇರಬಹುದು ಎಂಬುದನ್ನು. 16 ಬಿಟ್‌ನಲ್ಲಿ 65,536 ಮಟ್ಟಗಳಿವೆ, ಅಂತರ ಸುಮಾರು 96 ಡೆಸಿಬೆಲ್. 24 ಬಿಟ್‌ನಲ್ಲಿ ಮಟ್ಟಗಳು 1 ಕೋಟಿ 67 ಲಕ್ಷವನ್ನು ಮೀರುತ್ತವೆ, ಅಂತರ ಲೆಕ್ಕದ ಪ್ರಕಾರ 144 ಡೆಸಿಬೆಲ್. ಸಿಡಿಗಿಂತ ಹೆಚ್ಚಿನ ಅಳತೆಯಲ್ಲಿ, ಸಾಮಾನ್ಯವಾಗಿ 24 ಬಿಟ್ ಮತ್ತು 96 ಅಥವಾ 192 ಕಿಲೋಹರ್ಟ್ಸ್‌ನಲ್ಲಿ ಇರುವ ಧ್ವನಿಮುದ್ರಣವನ್ನು ಹೈ-ರೆಸಲ್ಯೂಷನ್ ಎನ್ನುತ್ತಾರೆ. ಒಂದು ಗಂಟೆಯ ಸಿಡಿ ಸಂಗೀತ ಸುಮಾರು 635 ಎಂಬಿ. ಅದೇ ಒಂದು ಗಂಟೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ 2 ಜಿಬಿಯನ್ನು ದಾಟುತ್ತದೆ.

ಈ ಅಳತೆಗಳಿಗೂ ಕರ್ನಾಟಕ ಸಂಗೀತಕ್ಕೂ ಏನು ಸಂಬಂಧ ಎಂಬುದನ್ನು ತಂಬೂರಿಯ ಮೂಲಕ ನೋಡುವುದು ಒಳ್ಳೆಯದು. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಡದ ಮೇಲಿರುವ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಹೆಸರಾದದ್ದು. ಆರ್.ಕೆ. ಶ್ರೀಕಂಠನ್ 1920ರಲ್ಲಿ ಹುಟ್ಟಿದ್ದು ಅಲ್ಲಿ. ರುದ್ರಪಟ್ಟಣಂ ಸಹೋದರರೆಂದು ಪ್ರಸಿದ್ಧರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಅವರ ಹೆಸರಿನಲ್ಲೂ ಆ ಊರೇ ಇದೆ. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದ್ದೇ ಒಂದು ಮಂದಿರ ಎದ್ದು ನಿಂತಿದೆ. ತಂಬೂರಿಯ ನಾದಕ್ಕೆ ಜೀವ ಬರುವುದು ಅಗಲವಾದ ಕುದುರೆಯ ಮೇಲೆ, ತಂತಿಯ ಕೆಳಗೆ ತೂರಿಸುವ ಹತ್ತಿಯ ನೂಲಿನಿಂದ. ನೂಲು ಸರಿಯಾದ ಜಾಗದಲ್ಲಿ ಕೂತಾಗ ತಂತಿ ಕುದುರೆಯನ್ನು ಸವರುತ್ತಾ ಕಂಪಿಸಿ, ಮೂಲ ಶ್ರುತಿಯ ಜೊತೆಗೆ ಅದರ ಎರಡು, ಮೂರು, ನಾಲ್ಕು, ಐದು ಪಟ್ಟಿನ ಕಂಪನಗಳನ್ನು ಒಂದರ ಮೇಲೊಂದರಂತೆ ಹೊಮ್ಮಿಸುತ್ತದೆ. ಐದನೆಯದೇ ಅಂತರ ಗಾಂಧಾರ. ಯಾರೂ ಮೀಟದೆ ತಾನಾಗಿ ಕೇಳುವ ಈ ಸ್ವರವನ್ನು ಸ್ವಯಂಭೂ ಗಾಂಧಾರ ಎನ್ನುವುದುಂಟು. ಸಿ.ವಿ. ರಾಮನ್ ವೀಣೆ ಮತ್ತು ತಂಬೂರಿಗಳ ಕುದುರೆಯ ಈ ವಿಶೇಷವನ್ನು 1921ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ಮೃದಂಗದ ಕರಣೆ ಹೇಗೆ ಚರ್ಮವಾದ್ಯದಲ್ಲೂ ಸ್ವರಬದ್ಧ ಕಂಪನಗಳನ್ನು ಹುಟ್ಟಿಸುತ್ತದೆ ಎಂಬುದನ್ನು ಅದಕ್ಕೂ ಒಂದು ವರ್ಷ ಮೊದಲೇ ತೋರಿಸಿದ್ದರು.

ಈ ಮೇಲಿನ ಸ್ವರಗಳೆಲ್ಲ ಬಹಳ ಮೆಲುವಾದವು. ಗಾಯಕನ ಕಂಠದ ಅಡಿಯಲ್ಲಿ, ಪಿಟೀಲಿನ ಹಿಂದೆ, ಮೃದಂಗದ ಪೆಟ್ಟುಗಳ ನಡುವೆ ಅವು ಉಳಿದುಕೊಂಡಿರುತ್ತವೆ. ಕಡತವನ್ನು ಚಿಕ್ಕದು ಮಾಡಲು ಎಂಪಿ3 ಮತ್ತು ಯೂಟ್ಯೂಬ್ ಬಳಸುವ ಕ್ರಮಗಳು, ಕಿವಿಗೆ ಕೇಳಿಸಲಾರದು ಎಂದು ಲೆಕ್ಕ ಹಾಕಿದ್ದನ್ನು ಎಸೆದುಬಿಡುತ್ತವೆ. ಅಳತೆ ತೀರಾ ಚಿಕ್ಕದಾದಾಗ ಮೊದಲು ಮಂಕಾಗುವುದು ಇಂಥ ಮೆಲುನಾದವೇ. ಹಾಗೆಂದು ತಂಬೂರಿಯ ಸ್ವರಗಳು 20 ಕಿಲೋಹರ್ಟ್ಸ್ ದಾಟಿ ಎಲ್ಲೋ ಇವೆ ಎಂದು ತಿಳಿಯಬಾರದು. ಅವು ಇರುವುದು ಕೆಲವು ಸಾವಿರ ಹರ್ಟ್ಸ್‌ಗಳ ಒಳಗೇ, ಅಂದರೆ ಸಿಡಿಯ ಮಿತಿಯೊಳಗೆ ಆರಾಮವಾಗಿ. ಆದ್ದರಿಂದ ಕೇಳುಗನಿಗೆ ಸಿಗುವ ದೊಡ್ಡ ಲಾಭ ನಷ್ಟವಿಲ್ಲದ ಕಡತ ಮತ್ತು ಸದ್ದಿಲ್ಲದ ಡ್ಯಾಕ್ ಎರಡೂ ಸೇರಿದಾಗ ಬರುವಂಥದು. 96 ಅಥವಾ 192 ಎಂಬ ಸಂಖ್ಯೆಯ ಲಾಭ ಅದರ ನಂತರದ್ದು, ಅದಕ್ಕಿಂತ ಬಹಳ ಚಿಕ್ಕದು. ಮಾರಾಟದ ಮಾತಿನಲ್ಲಿ ಈ ಕ್ರಮ ತಲೆಕೆಳಗಾಗಿರುತ್ತದೆ.

ಹೊರಗಿನ ಡ್ಯಾಕ್ ಏಕೆ ಬೇಕು ಎಂಬುದಕ್ಕೂ ಇದೇ ಉತ್ತರ. ಲ್ಯಾಪ್‌ಟಾಪಿನೊಳಗೆ ಪ್ರೊಸೆಸರ್, ಫ್ಯಾನ್, ವೈ-ಫೈ, ವಿದ್ಯುತ್ ಬದಲಾಯಿಸುವ ಸರ್ಕ್ಯೂಟುಗಳೆಲ್ಲ ಒಂದೇ ಹಲಗೆಯ ಮೇಲೆ ಒತ್ತೊತ್ತಾಗಿರುತ್ತವೆ. ಅವುಗಳ ವಿದ್ಯುತ್ ಗದ್ದಲ ಹೆಡ್‌ಫೋನ್ ತೂತಿನವರೆಗೂ ಸೋರಬಹುದು. ಮೌಸ್ ಅಲ್ಲಾಡಿಸಿದಾಗ ಸಣ್ಣಗೆ ಕಿರುಗುಡುವ ಸದ್ದು ಕೇಳಿದವರಿಗೆ ಇದು ಗೊತ್ತು. ಡ್ಯಾಕನ್ನು ಹೊರಗೆ ಬೇರೆ ಪೆಟ್ಟಿಗೆಯಲ್ಲಿ ಇಟ್ಟರೆ ಗದ್ದಲ ದೂರವಾಗುತ್ತದೆ. ಹೆಡ್‌ಫೋನ್ ನಡೆಸಲು ಸಾಕಷ್ಟು ಶಕ್ತಿಯ ಆಂಪ್ಲಿಫೈಯರನ್ನೂ ಅದರಲ್ಲೇ ಕೂರಿಸಬಹುದು. ಒಳಗಿನ ಚಿಪ್ಪುಗಳನ್ನು ಮಾಡುವ ಕಂಪನಿಗಳು ಕೈಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದಾದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದಿತ್ತು. ಡ್ಯಾಕ್ ಚಿಪ್ಪುಗಳಿಗೆ ಹೆಸರಾದ ಬರ್-ಬ್ರೌನ್ 2000ದಲ್ಲಿ ಅದರ ಕೈಸೇರಿತು. ಚಿಪ್ಪಿನ ದುಬಾರಿ ಹೆಸರುಗಳ ಹಿಂದೆ ಬೀಳುವ ಅಗತ್ಯವಿಲ್ಲ. ಇಂದು ಬೆರಳುದ್ದದ ಡಾಂಗಲ್ ಡ್ಯಾಕ್ ಕೂಡ ಸಿಡಿಯ ಗುಣಮಟ್ಟವನ್ನು ಪೂರ್ತಿಯಾಗಿ ಕೊಡಬಲ್ಲದು.

ನಡುವೆ ನಿಂತಿರುವ ಮಿಕ್ಸರ್

ಕಂಪ್ಯೂಟರಿನಲ್ಲಿ ಒಂದೇ ಹೊತ್ತಿಗೆ ಹಲವು ಸದ್ದುಗಳು ಬರುತ್ತವೆ: ಹಾಡು, ವಾಟ್ಸಾಪ್ ಸದ್ದು, ಬ್ರೌಸರಿನ ವಿಡಿಯೋ, ಮೇಲ್ ಬಂದ ಗಂಟೆ. ಇವೆಲ್ಲವನ್ನೂ ಕೂಡಿಸಿ ಒಂದೇ ಧಾರೆಯಾಗಿ ಹೊರಬಿಡಲು ಆಪರೇಟಿಂಗ್ ಸಿಸ್ಟಮ್ ಒಳಗೊಂದು ಮಿಕ್ಸರ್ ಇಟ್ಟುಕೊಂಡಿರುತ್ತದೆ. ಕೂಡಿಸಬೇಕಾದರೆ ಎಲ್ಲವೂ ಒಂದೇ ದರದಲ್ಲಿ ಇರಬೇಕು. ಆ ದರ ಸಾಮಾನ್ಯವಾಗಿ 48 ಕಿಲೋಹರ್ಟ್ಸ್. ಸಿಡಿಯಿಂದ ತೆಗೆದ 44.1ರ ಕಡತವಾಗಲಿ, 96ರ ಕಡತವಾಗಲಿ, ಮಿಕ್ಸರ್ ಅದನ್ನು ಹೊಸದಾಗಿ ಲೆಕ್ಕ ಹಾಕಿ 48ಕ್ಕೆ ತರುತ್ತದೆ. ಸೇರಿನಲ್ಲಿ ಅಳೆದ ರಾಗಿಯನ್ನು ಲೀಟರಿನ ಡಬ್ಬದಲ್ಲಿ ಮತ್ತೆ ಅಳೆದಂತೆ, ಲೆಕ್ಕ ಕೂಡುತ್ತದೆ, ಆದರೆ ಮೂಲದ ಅಳತೆ ಉಳಿಯುವುದಿಲ್ಲ. ಇಂದಿನ ಮಿಕ್ಸರುಗಳು ಈ ಮರುಲೆಕ್ಕವನ್ನು ಚೆನ್ನಾಗಿಯೇ ಮಾಡುತ್ತವೆ ಎಂಬುದು ನಿಜ. ಆದರೂ 96 ಕಿಲೋಹರ್ಟ್ಸ್ ಕಡತಕ್ಕೆ ಹಣ ಕೊಟ್ಟವನು ಕೇಳುತ್ತಿರುವುದು 48ರದನ್ನು, ಅದೂ ತನಗೆ ತಿಳಿಯದಂತೆ. ಕಡತದ ಅಂಕಿಗಳು ಒಂದೂ ಬದಲಾಗದೆ ಡ್ಯಾಕ್ ತಲುಪುವ ಸ್ಥಿತಿಗೆ ಬಿಟ್-ಪರ್ಫೆಕ್ಟ್ ಎನ್ನುತ್ತಾರೆ. ಮುಂದೆ ಹೇಳುವ ಎಲ್ಲ ಹೊಂದಿಕೆಗಳ ಗುರಿ ಅದು.

ಯುಎಸ್‌ಬಿಯ ಬಗ್ಗೆ ಒಂದು ಮಾತು. 1998ರ ಯುಎಸ್‌ಬಿ ಆಡಿಯೋ ಕ್ಲಾಸ್ 1 ಎಂಬ ನಿಯಮದಂತೆ ಮಾಡಿದ ಡ್ಯಾಕ್‌ಗಳು ಯಾವ ಕಂಪ್ಯೂಟರಿಗೆ ಸಿಕ್ಕಿಸಿದರೂ ನಡೆಯುತ್ತವೆ, ಆದರೆ 24 ಬಿಟ್, 96 ಕಿಲೋಹರ್ಟ್ಸ್‌ಗಿಂತ ಮೇಲೆ ಹೋಗಲಾರವು. 192 ಮತ್ತು ಅದಕ್ಕೂ ಮೇಲಿನದಕ್ಕೆ ಕ್ಲಾಸ್ 2 ಬೇಕು. ಮ್ಯಾಕ್ ಮತ್ತು ಲಿನಕ್ಸ್‌ಗಳಲ್ಲಿ ಅದಕ್ಕೆ 2010ರಿಂದಲೇ ಬೆಂಬಲವಿದೆ. ವಿಂಡೋಸ್‌ಗೆ ಬಂದದ್ದು 2017ರ ವಿಂಡೋಸ್ 10 ಪರಿಷ್ಕರಣೆಯಲ್ಲಿ. ಅದಕ್ಕೂ ಹಳೆಯ ವಿಂಡೋಸ್ ಇದ್ದರೆ ಡ್ಯಾಕ್ ಕಂಪನಿಯ ಡ್ರೈವರ್ ಹಾಕಲೇಬೇಕು. ಅಸಿಂಕ್ರೋನಸ್ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಅಂಕಿಗಳನ್ನು ಯಾವ ಗತಿಯಲ್ಲಿ ಕಳಿಸಬೇಕೆಂದು ಡ್ಯಾಕಿನ ಗಡಿಯಾರವೇ ಕಂಪ್ಯೂಟರಿಗೆ ಹೇಳುತ್ತದೆ. ಇಂದಿನ ಡ್ಯಾಕ್‌ಗಳಲ್ಲಿ ಬಹುಪಾಲು ಹೀಗೇ ಇರುವುದರಿಂದ ತಂತಿಗೆ ಸಾವಿರಾರು ರೂಪಾಯಿ ಸುರಿಯಬೇಕಾದ ಕಾರಣವಿಲ್ಲ. ಡ್ಯಾಕ್ ಜೊತೆ ಬಂದ ಗಿಡ್ಡ ತಂತಿ ಸಾಕು.

ವಿಂಡೋಸ್‌ನಲ್ಲಿ

ಹೆಚ್ಚಿನ ಮನೆಗಳಲ್ಲಿರುವುದು ವಿಂಡೋಸ್. ಹೆಚ್ಚು ಹೊಂದಿಸಬೇಕಾದ್ದೂ ಅದನ್ನೇ. ಡ್ಯಾಕ್ ಸಿಕ್ಕಿಸಿದ ಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್ ಎಂದು ಹೋಗಿ ಅಲ್ಲಿ ಮೋರ್ ಸೌಂಡ್ ಸೆಟ್ಟಿಂಗ್ಸ್ ಒತ್ತಿದರೆ ಹಳೆಯ ಮಾದರಿಯ ಕಿಟಕಿ ತೆರೆಯುತ್ತದೆ. ಪ್ಲೇಬ್ಯಾಕ್ ಪಟ್ಟಿಯಲ್ಲಿ ಡ್ಯಾಕಿನ ಹೆಸರು ಕಾಣುತ್ತದೆ. ಅದರ ಪ್ರಾಪರ್ಟೀಸ್ ತೆರೆದು ಅಡ್ವಾನ್ಸ್ಡ್ ಭಾಗಕ್ಕೆ ಹೋದರೆ ಅಲ್ಲಿ ಮಿಕ್ಸರಿನ ದರ ಬರೆದಿರುತ್ತದೆ. ಅದರ ಕೆಳಗೆ, ಅಪ್ಲಿಕೇಷನ್‌ಗಳು ಈ ಸಾಧನವನ್ನು ಪೂರ್ತಿಯಾಗಿ ವಹಿಸಿಕೊಳ್ಳಬಹುದು ಎಂಬ ಅರ್ಥದ ಚೌಕವಿದೆ. ಅದರಲ್ಲಿ ಗುರುತು ಇರಲೇಬೇಕು. ಎನ್‌ಹ್ಯಾನ್ಸ್‌ಮೆಂಟ್ಸ್ ಎಂದು ಇರುವುದನ್ನೆಲ್ಲ ಆಫ್ ಮಾಡಬೇಕು. ಲ್ಯಾಪ್‌ಟಾಪಿನ ಜೊತೆಗೇ ಬರುವ ಈಕ್ವಲೈಜರ್, ಬಾಸ್ ಬೂಸ್ಟ್, ಸರೌಂಡ್ ಮುಂತಾದವು ಚಿಕ್ಕ ಸ್ಪೀಕರಿನ ಕೊರತೆ ಮುಚ್ಚಲು ಮಾಡಿದಂಥವು, ಕಚೇರಿ ಸಂಗೀತಕ್ಕೆ ಅವುಗಳಿಂದ ಕೆಡುಕೇ ಹೆಚ್ಚು.

ಇನ್ನು ಪ್ಲೇಯರ್. ವಿಂಡೋಸ್ ವಿಸ್ತಾದ ಕಾಲದಿಂದ ಬಂದಿರುವ ವಾಸಪಿ ಎಂಬ ವ್ಯವಸ್ಥೆಗೆ ಎರಡು ಬಗೆ. ಶೇರ್ಡ್ ಮೋಡ್‌ನಲ್ಲಿ ಧ್ವನಿ ಮಿಕ್ಸರಿನ ಮೂಲಕ ಹೋಗುತ್ತದೆ. ಎಕ್ಸ್‌ಕ್ಲೂಸಿವ್ ಮೋಡ್‌ನಲ್ಲಿ ಮಿಕ್ಸರನ್ನು ಬದಿಗಿಟ್ಟು ಪ್ಲೇಯರ್ ನೇರವಾಗಿ ಡ್ಯಾಕ್ ಜೊತೆ ಮಾತಾಡುತ್ತದೆ, ಕಡತದ ದರ ಯಾವುದೋ ಅದೇ ದರಕ್ಕೆ ಡ್ಯಾಕನ್ನು ತಿರುಗಿಸುತ್ತದೆ. 2002ರಿಂದ ಉಚಿತವಾಗಿ ಸಿಗುತ್ತಿರುವ ಫೂಬಾರ್2000 ಎಂಬ ಪ್ಲೇಯರ್ ಈ ಕೆಲಸಕ್ಕೆ ಇಂದಿಗೂ ಮೊದಲ ಆಯ್ಕೆ. ಅದರ ಪ್ರಿಫರೆನ್ಸಸ್‌ನಲ್ಲಿ ಪ್ಲೇಬ್ಯಾಕ್, ಔಟ್‌ಪುಟ್ ಎಂದು ಹೋದರೆ ಸಾಧನಗಳ ಪಟ್ಟಿ ಸಿಗುತ್ತದೆ. ಈಚಿನ ಆವೃತ್ತಿಗಳಲ್ಲಿ ಡ್ಯಾಕಿನ ಹೆಸರು ಎರಡು ಸಲ ಕಾಣುತ್ತದೆ. ಎಕ್ಸ್‌ಕ್ಲೂಸಿವ್ ಎಂಬ ಮಾತು ಇರುವುದನ್ನು ಆರಿಸಬೇಕು. ಔಟ್‌ಪುಟ್ ಬಿಟ್ ಎಂಬಲ್ಲಿ 24 ಅಥವಾ 32 ಇಡಬೇಕು. 16 ಬಿಟ್ ಕಡತಕ್ಕೂ ಇದರಿಂದ ತೊಂದರೆಯಿಲ್ಲ, ಮೂಲದ ಅಂಕಿಯ ಹಿಂದೆ ಸೊನ್ನೆಗಳು ಸೇರುತ್ತವೆ ಅಷ್ಟೆ. ಡಿಎಸ್‌ಪಿ ಪಟ್ಟಿ ಖಾಲಿ ಇರಲಿ. ಹಾಡುಗಳ ಗಟ್ಟಿತನವನ್ನು ಸರಿಸಮ ಮಾಡುವ ರೀಪ್ಲೇಗೇನ್ ಅಂಕಿಗಳನ್ನು ಬದಲಿಸುತ್ತದೆ, ಆದ್ದರಿಂದ ಬಿಟ್-ಪರ್ಫೆಕ್ಟ್ ಬೇಕೆಂದರೆ ಅದನ್ನೂ ಆಫ್ ಮಾಡಬೇಕು. ಮ್ಯೂಸಿಕ್‌ಬೀ ಎಂಬ ಇನ್ನೊಂದು ಉಚಿತ ಪ್ಲೇಯರ್‌ನಲ್ಲೂ ಇದೇ ಅನುಕೂಲವಿದೆ, ಮತ್ತು ನೋಡಲು ಅದು ಹೆಚ್ಚು ಸುಲಭ.

ಏಸಿಯೋ ಎಂಬ ಹೆಸರೂ ಅನೇಕ ಕಡೆ ಕಾಣುತ್ತದೆ. ಜರ್ಮನಿಯ ಸ್ಟೈನ್‌ಬರ್ಗ್ ಕಂಪನಿ ಇದನ್ನು 1997ರಲ್ಲಿ ತಂದದ್ದು ಸ್ಟುಡಿಯೋಗಳಿಗಾಗಿ, ನುಡಿಸುವುದಕ್ಕೂ ಕೇಳುವುದಕ್ಕೂ ನಡುವಿನ ತಡವನ್ನು ತಗ್ಗಿಸಲು. ಇದೂ ಮಿಕ್ಸರನ್ನು ತಪ್ಪಿಸುತ್ತದೆ. ಡ್ಯಾಕ್ ಕಂಪನಿಯೇ ಏಸಿಯೋ ಡ್ರೈವರ್ ಕೊಟ್ಟಿದ್ದರೆ ಬಳಸಬಹುದು. ಕೇಳುವುದಕ್ಕಷ್ಟೇ ಆದರೆ ವಾಸಪಿಗಿಂತ ಅದರಲ್ಲಿ ಹೆಚ್ಚಿನದೇನೂ ಸಿಗದು. ಸಿಡಿಯ ನಂತರ 1999ರಲ್ಲಿ ಸೋನಿ ಮತ್ತು ಫಿಲಿಪ್ಸ್ ತಂದ ಎಸ್‌ಎಸಿಡಿ ಎಂಬ ತಟ್ಟೆಯ ಡಿಎಸ್‌ಡಿ ಎಂಬ ಮಾದರಿಯ ಕಡತಗಳಿದ್ದರೆ ಮಾತ್ರ ಏಸಿಯೋ ಕೆಲವು ಸಲ ಕೆಲಸಕ್ಕೆ ಬರುತ್ತದೆ. ಕರ್ನಾಟಕ ಸಂಗೀತ ಕೇಳುವವರಿಗೆ ಅಂಥ ಕಡತಗಳು ಸಿಗುವುದೇ ಅಪರೂಪ.

ನಡುನಡುವೆ ಚಟಪಟ ಸದ್ದು ಬಂದರೆ ಪ್ಲೇಯರಿನ ಬಫರ್ ಹೆಚ್ಚಿಸುವುದು, ಹಬ್ ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಸಿಕ್ಕಿಸುವುದು, ಯುಎಸ್‌ಬಿಯ ವಿದ್ಯುತ್ ಉಳಿತಾಯದ ಆಯ್ಕೆಯನ್ನು ಆಫ್ ಮಾಡುವುದು ಈ ಮೂರರಲ್ಲಿ ಒಂದರಿಂದ ಸಾಮಾನ್ಯವಾಗಿ ಸರಿಹೋಗುತ್ತದೆ.

ಮ್ಯಾಕ್, ಲಿನಕ್ಸ್, ಮೊಬೈಲ್

ಮ್ಯಾಕ್‌ನಲ್ಲಿ ಆಡಿಯೋ ಮಿಡಿ ಸೆಟಪ್ ಎಂಬ ಚಿಕ್ಕ ಅಪ್ಲಿಕೇಷನ್ ಯುಟಿಲಿಟೀಸ್ ಫೋಲ್ಡರಿನಲ್ಲಿದೆ. ಅದರಲ್ಲಿ ಡ್ಯಾಕನ್ನು ಆರಿಸಿ, ಕಡತದ ದರವನ್ನೇ ಇಟ್ಟರೆ ಮರುಲೆಕ್ಕ ನಿಲ್ಲುತ್ತದೆ. ಆಪಲ್ ಮ್ಯೂಸಿಕ್ 2021ರಿಂದ ನಷ್ಟವಿಲ್ಲದ ಸಂಗೀತವನ್ನು 24 ಬಿಟ್, 192 ಕಿಲೋಹರ್ಟ್ಸ್‌ವರೆಗೆ ಕೊಡುತ್ತಿದೆ. ಸೆಟ್ಟಿಂಗ್ಸ್‌ನ ಪ್ಲೇಬ್ಯಾಕ್ ಭಾಗದಲ್ಲಿ ಲಾಸ್‌ಲೆಸ್ ಎಂದು ಆರಿಸಿಕೊಳ್ಳಬೇಕು. ತೊಡಕೆಂದರೆ, ಹಾಡಿನಿಂದ ಹಾಡಿಗೆ ದರ ಬದಲಾದಾಗ ಮ್ಯಾಕ್‌ನ ಮ್ಯೂಸಿಕ್ ಅಪ್ಲಿಕೇಷನ್ ಡ್ಯಾಕಿನ ದರವನ್ನು ತಾನಾಗಿ ಬದಲಿಸಿಕೊಂಡು ಬಂದದ್ದಿಲ್ಲ. ಕೈಯಿಂದಲೇ ಬದಲಿಸಬೇಕು, ಇಲ್ಲವೇ ಆಡಿರ್ವಾನಾದಂಥ ಹಣ ಕೊಟ್ಟು ಕೊಳ್ಳುವ ಪ್ಲೇಯರ್ ಬಳಸಬೇಕು.

ಲಿನಕ್ಸ್ ಈ ವಿಷಯದಲ್ಲಿ ಅತ್ಯಂತ ಪಾರದರ್ಶಕ. ಕೆಳಗಿನ ಪದರ ಆಲ್ಸಾ. ಅದರ ಮೇಲೆ ಹಿಂದೆ ಪಲ್ಸ್‌ಆಡಿಯೋ ಇತ್ತು, ಈಗ ಹೆಚ್ಚಾಗಿ ಪೈಪ್‌ವೈರ್ ಇದೆ. ಪೈಪ್‌ವೈರ್ ಮೊದಲಿಗೆ 48 ಕಿಲೋಹರ್ಟ್ಸ್‌ನಲ್ಲೇ ನಿಂತಿರುತ್ತದೆ, ಆದರೆ ಅದರ ಹೊಂದಿಕೆ ಕಡತದಲ್ಲಿ ಅನುಮತಿಸಿದ ದರಗಳ ಪಟ್ಟಿಗೆ 44.1, 88.2, 96, 192 ಸೇರಿಸಿದರೆ, ಬೇರೆ ಸದ್ದು ಇಲ್ಲದಿರುವಾಗ ಕಡತದ ದರಕ್ಕೆ ತಾನೇ ತಿರುಗುತ್ತದೆ. ಇನ್ನೂ ನೇರ ದಾರಿ ಬೇಕೆಂದರೆ ಪ್ಲೇಯರಿನಲ್ಲಿ ಆಲ್ಸಾದ ಹಾರ್ಡ್‌ವೇರ್ ಸಾಧನವನ್ನೇ ಆರಿಸಬಹುದು. ಪ್ಲಗ್ ಎಂಬ ಪದ ಸೇರಿದ ಸಾಧನ ಆರಿಸಿದರೆ ಮತ್ತೆ ಮರುಲೆಕ್ಕ ನುಸುಳುತ್ತದೆ. ಹಳೆಯ ಲ್ಯಾಪ್‌ಟಾಪ್ ಅಥವಾ ಅಂಗೈಯಗಲದ ರಾಸ್ಪ್‌ಬೆರಿ ಪೈಗೆ ವಾಲ್ಯೂಮಿಯೋದಂಥ ಉಚಿತ ವ್ಯವಸ್ಥೆಯನ್ನು ಹಾಕಿ, ಸಂಗೀತಕ್ಕೆಂದೇ ಮೀಸಲಾದ ಯಂತ್ರ ಮಾಡಿಕೊಳ್ಳಬಹುದು. ಮೊಬೈಲಿನಿಂದ ಹಾಡು ಆರಿಸಿದರೆ ಮೂಲೆಯಲ್ಲಿರುವ ಯಂತ್ರ ನುಡಿಸುತ್ತದೆ. ಮನೆಯ ಹಿರಿಯರಿಗೆ ಇದಕ್ಕಿಂತ ಸುಲಭವಾದ ಏರ್ಪಾಡಿಲ್ಲ.

ಆಂಡ್ರಾಯ್ಡ್ ಫೋನುಗಳ ಮಿಕ್ಸರ್ ಕೂಡ ಸಾಮಾನ್ಯವಾಗಿ 48ರಲ್ಲೇ ನಿಂತಿರುತ್ತದೆ. ಅದನ್ನು ತಪ್ಪಿಸಲು ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಎಂಬ ಅಪ್ಲಿಕೇಷನ್ ತನ್ನದೇ ಡ್ರೈವರ್ ಇಟ್ಟುಕೊಂಡಿದೆ. ಆಂಡ್ರಾಯ್ಡ್ 14ರಲ್ಲಿ ಯುಎಸ್‌ಬಿ ಡ್ಯಾಕಿಗೆ ನಷ್ಟವಿಲ್ಲದೆ ಕಳಿಸುವ ದಾರಿಯನ್ನು ವ್ಯವಸ್ಥೆಯೇ ತೆರೆದಿದೆ, ಅಪ್ಲಿಕೇಷನ್‌ಗಳು ಅದನ್ನು ಬಳಸಿಕೊಳ್ಳಬೇಕಷ್ಟೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಕೇಳುವವರಿಗೆ ಈ ಯಾವುದೂ ಅನ್ವಯಿಸುವುದಿಲ್ಲ. ಅಲ್ಲಿ ಡ್ಯಾಕ್ ಹೆಡ್‌ಫೋನಿನೊಳಗೇ ಇರುತ್ತದೆ, ಅಂಕಿಗಳು ಅದನ್ನು ತಲುಪುವಾಗ ಸಾಮಾನ್ಯವಾಗಿ ಮತ್ತೊಮ್ಮೆ ಕುಗ್ಗಿರುತ್ತವೆ.

ವಾಲ್ಯೂಮ್ ಮತ್ತು ಪರೀಕ್ಷೆ

ಪ್ಲೇಯರಿನ ವಾಲ್ಯೂಮ್ ಪಟ್ಟಿಯನ್ನು ಇಳಿಸುವುದೆಂದರೆ ಪ್ರತಿ ಅಂಕಿಯನ್ನೂ ಚಿಕ್ಕದು ಮಾಡುವುದು. ಬಿಟ್-ಪರ್ಫೆಕ್ಟ್ ಆಗಬೇಕಾದರೆ ಅದು ನೂರಕ್ಕೆ ನೂರು ಇರಬೇಕು. ದನಿ ತಗ್ಗಿಸುವ ಕೆಲಸ ಆಂಪ್ಲಿಫೈಯರಿನ ಗುಂಡಿಯದು. ಮೊದಲ ಸಲ ಹೀಗೆ ಮಾಡುವ ಮುನ್ನ ಆಂಪ್ಲಿಫೈಯರನ್ನು ಪೂರ್ತಿ ಇಳಿಸಿರಬೇಕು, ಇಲ್ಲವಾದರೆ ಹೆಡ್‌ಫೋನಿಗೂ ಕಿವಿಗೂ ಪೆಟ್ಟು. ಆಂಪ್ಲಿಫೈಯರಿನಲ್ಲಿ ಗುಂಡಿಯೇ ಇಲ್ಲದ ಡಾಂಗಲ್ ಡ್ಯಾಕ್ ಬಳಸುವವರು ಈ ನಿಯಮಕ್ಕೆ ಹೆದರಬೇಕಾಗಿಲ್ಲ. 16 ಬಿಟ್ ಕಡತವನ್ನು 24 ಬಿಟ್ ದಾರಿಯಲ್ಲಿ ಕಳಿಸುವಾಗ ಕೆಳಗೆ 8 ಬಿಟ್‌ಗಳಷ್ಟು, ಅಂದರೆ ಸುಮಾರು 48 ಡೆಸಿಬೆಲ್‌ಗಳಷ್ಟು ಜಾಗ ಖಾಲಿ ಇರುತ್ತದೆ. ಅಷ್ಟು ಇಳಿಸಿದರೂ ಮೂಲದ ವಿವರ ಅಂಕಿಯಲ್ಲಿ ಉಳಿದಿರುತ್ತದೆ.

ಎಲ್ಲ ಸರಿಯಾಗಿದೆಯೇ ಎಂದು ತಿಳಿಯಲು ಕಿವಿಯನ್ನು ನಂಬುವುದಕ್ಕಿಂತ ಡ್ಯಾಕಿನ ಮುಖ ನೋಡುವುದು ಮೇಲು. ಬಹಳಷ್ಟು ಡ್ಯಾಕ್‌ಗಳಲ್ಲಿ ಬರುತ್ತಿರುವ ದರವನ್ನು ತೋರಿಸುವ ಚಿಕ್ಕ ಪರದೆಯೋ ಬಣ್ಣ ಬದಲಿಸುವ ದೀಪವೋ ಇರುತ್ತದೆ. 44.1ರ ಕಡತ ನುಡಿಸಿದಾಗ 44.1, 96ರದು ನುಡಿಸಿದಾಗ 96 ಕಾಣಬೇಕು. ಎರಡಕ್ಕೂ 48 ಎಂದೇ ತೋರಿಸಿದರೆ ಮಿಕ್ಸರ್ ಇನ್ನೂ ನಡುವೆ ನಿಂತಿದೆ. ದೀಪವಿಲ್ಲದ ಡ್ಯಾಕ್ ಆದರೆ ಹಾಡು ನಡೆಯುವಾಗ ಬ್ರೌಸರಿನಲ್ಲಿ ಒಂದು ವಿಡಿಯೋ ಹಾಕಿ ನೋಡಬೇಕು. ಎಕ್ಸ್‌ಕ್ಲೂಸಿವ್ ಮೋಡ್ ನಿಜವಾಗಿ ನಡೆಯುತ್ತಿದ್ದರೆ ವಿಡಿಯೋದ ಸದ್ದು ಆ ಡ್ಯಾಕಿನಲ್ಲಿ ಬರುವುದಿಲ್ಲ. ಲಿನಕ್ಸ್‌ನಲ್ಲಿ ಕರ್ನಲ್ ತಾನೇ ಈ ಹೊತ್ತಿನ ದರವನ್ನು ಒಂದು ಚಿಕ್ಕ ಪಠ್ಯ ಕಡತದಲ್ಲಿ ಬರೆದಿಟ್ಟಿರುತ್ತದೆ.

ಕಡತಗಳು

ನಷ್ಟವಿಲ್ಲದ ಸಂಗೀತಕ್ಕೆ ಇಂದು ಎಲ್ಲ ಕಡೆ ನಡೆಯುವ ಕಡತ ಮಾದರಿ ಫ್ಲ್ಯಾಕ್. 2001ರಲ್ಲಿ ಬಂದ ಇದು ಯಾರ ಅಪ್ಪಣೆಯೂ ಬೇಡದ ಮುಕ್ತ ಮಾದರಿ. ಅಂಕಿಗಳನ್ನು ಒಂದೂ ಕಳೆಯದೆ ಅರ್ಧದಿಂದ ಮುಕ್ಕಾಲು ಜಾಗಕ್ಕೆ ಇಳಿಸುತ್ತದೆ. ತೆರೆದಾಗ ಮೂಲದ ಅಂಕಿಗಳು ಹಾಗೆಯೇ ಹಿಂದಿರುಗುತ್ತವೆ. ಮನೆಯಲ್ಲಿರುವ ಸಿಡಿಗಳನ್ನು ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫ್ಲ್ಯಾಕ್ ಮಾಡಿಟ್ಟುಕೊಂಡರೆ ಅದಕ್ಕಿಂತ ಒಳ್ಳೆಯ ಸಂಗ್ರಹ ಬೇರೆ ಬೇಕಿಲ್ಲ. ಕಚೇರಿ ಸಂಗೀತಕ್ಕೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಸಿಡಿಗಳಲ್ಲಿ ರಾಗಾಲಾಪನೆ, ಕೃತಿ, ತನಿ ಆವರ್ತನಗಳನ್ನು ಬೇರೆ ಬೇರೆ ಟ್ರ್ಯಾಕ್ ಮಾಡಿರುತ್ತಾರೆ. ಎಂಪಿ3ಯಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಅರೆಕ್ಷಣದ ಮೌನ ನುಸುಳಿ ತಂಬೂರಿ ತುಂಡಾಗುವುದುಂಟು. ಫ್ಲ್ಯಾಕ್‌ನಲ್ಲಿ ಅದು ಅಖಂಡವಾಗಿ ಸಾಗುತ್ತದೆ.

ಫ್ಲ್ಯಾಕ್ ಕಡತದೊಳಗಿನ ಹೆಸರಿನ ಪಟ್ಟಿಗಳು ಯೂನಿಕೋಡ್‌ನಲ್ಲಿರುತ್ತವೆ. ಹಾಗಾಗಿ ಗಾಯಕರ ಹೆಸರು, ಕೃತಿ, ರಾಗ, ತಾಳ, ವಾಗ್ಗೇಯಕಾರ, ಪಕ್ಕವಾದ್ಯದವರು ಎಲ್ಲವನ್ನೂ ಕನ್ನಡದಲ್ಲೇ ಬರೆದಿಡಬಹುದು, ಕನ್ನಡದಲ್ಲೇ ಹುಡುಕಬಹುದು. ಹಳೆಯ ನುಡಿ ಅಥವಾ ಬರಹದ ಆಸ್ಕಿ ಅಕ್ಷರಗಳಲ್ಲಿ ಟೈಪಿಸಿದ ಪಟ್ಟಿ ಇದ್ದರೆ ಮೊದಲು ಅದನ್ನು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಪ್ಲೇಯರಿನಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಕಲಾವಿದ ಎಂಬ ಒಂದೇ ಕೋಷ್ಟಕದಲ್ಲಿ ಎಲ್ಲವನ್ನೂ ತುಂಬುವ ಬದಲು ರಾಗಕ್ಕೂ ತಾಳಕ್ಕೂ ಪ್ರತ್ಯೇಕ ಕೋಷ್ಟಕ ಮಾಡಿಕೊಂಡರೆ ಮುಂದೆ ಒಂದು ದಿನ ಮನೆಯಲ್ಲಿರುವ ಎಲ್ಲ ತೋಡಿಗಳನ್ನೂ ಒಟ್ಟಿಗೆ ಕೇಳುವುದು ಸಾಧ್ಯ.

ಹೈ-ರೆಸ್ ಎಂದು ಕೊಂಡದ್ದೆಲ್ಲ ಹೈ-ರೆಸ್ ಆಗಿರುವುದಿಲ್ಲ. ಸಿಡಿಯ ಅಂಕಿಗಳನ್ನೇ 96ಕ್ಕೆ ಹಿಗ್ಗಿಸಿ ಮಾರಿರಬಹುದು. ಆಡಾಸಿಟಿ ಅಥವಾ ಸ್ಪೆಕ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಕಡತ ತೆರೆದು ಸ್ಪೆಕ್ಟ್ರೋಗ್ರಾಂ ನೋಡಿದರೆ ಗುಟ್ಟು ಹೊರಬೀಳುತ್ತದೆ. 22 ಕಿಲೋಹರ್ಟ್ಸ್‌ನಲ್ಲಿ ಕತ್ತರಿಸಿದಂತೆ ಎಲ್ಲವೂ ನಿಂತಿದ್ದರೆ ಅದು ಹಿಗ್ಗಿಸಿದ ಸಿಡಿಯಿರಬೇಕು. 16ರ ಸುಮಾರಿಗೇ ನಿಂತಿದ್ದರೆ ಅದರ ಹುಟ್ಟು ಬಹುಶಃ ಎಂಪಿ3ಯಿಂದ.

ಕರೆಂಟಿನ ಗುಂಯ್ ಸದ್ದು

ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಂಥ ಊರಿನಲ್ಲೋ, ಹೊಳೆನರಸೀಪುರದ ಒಂದು ಹಳೆಯ ಮನೆಯಲ್ಲೋ, ಈ ಏರ್ಪಾಡನ್ನು ಕೆಡಿಸುವುದು ಸಾಮಾನ್ಯವಾಗಿ ಕರೆಂಟು. ಲ್ಯಾಪ್‌ಟಾಪ್ ಚಾರ್ಜರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ ಇದ್ದು ಎರಡರ ಅರ್ಥಿಂಗ್ ಬೇರೆ ಬೇರೆ ಮಟ್ಟದಲ್ಲಿದ್ದರೆ 50 ಹರ್ಟ್ಸ್‌ನ ಗುಂಯ್ ಎಂಬ ಸದ್ದು ಸ್ಪೀಕರಿನಲ್ಲಿ ಸೇರಿಕೊಳ್ಳುತ್ತದೆ. ಚಾರ್ಜರ್ ತೆಗೆದು ಬ್ಯಾಟರಿಯ ಮೇಲೆ ನಡೆಸಿ ನೋಡಿದರೆ ಕಾರಣ ತಿಳಿಯುತ್ತದೆ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಸಿಕ್ಕಿಸಿದರೆ ಬಹುತೇಕ ಸಲ ಸದ್ದು ನಿಲ್ಲುತ್ತದೆ. ಸದ್ದು ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ನನ್ನು ಕಿತ್ತುಹಾಕುವುದು ಪ್ರಾಣಕ್ಕೇ ಅಪಾಯ, ಯಾವ ಕಾರಣಕ್ಕೂ ಅದನ್ನು ಮಾಡಕೂಡದು. ಮನೆಯ ಅರ್ಥಿಂಗ್ ಗುಂಡಿಯೇ ಒಣಗಿದ್ದರೆ ಎಲೆಕ್ಟ್ರೀಷಿಯನ್ ಕರೆಸಿ ಸರಿಪಡಿಸಬೇಕು. ಕರೆಂಟು ಹೋದಾಗ ಸ್ಕ್ವೇರ್ ವೇವ್ ಇನ್ವರ್ಟರ್ ಬೇರೆಯೇ ಒಂದು ಕೊರಕೊರ ಸದ್ದು ತರುತ್ತದೆ. ಸೈನ್ ವೇವ್ ಇನ್ವರ್ಟರಿನಲ್ಲಿ ಆ ತೊಂದರೆ ಇಲ್ಲ. ಡಾಂಗಲ್ ಡ್ಯಾಕ್, ಹೆಡ್‌ಫೋನ್ ಮತ್ತು ಬ್ಯಾಟರಿಯ ಮೇಲಿನ ಲ್ಯಾಪ್‌ಟಾಪ್ ಇವಿಷ್ಟೇ ಇದ್ದರೆ ಕರೆಂಟಿನ ಗೊಡವೆಯೇ ಇರುವುದಿಲ್ಲ. ಕರೆಂಟಿನಂತೆ ಇಂಟರ್ನೆಟ್ಟೂ ತೊಡಕಾಗಬಹುದು. ಅದು ನಿಧಾನವಿರುವ ಕಡೆ 2 ಜಿಬಿಯ ಕಚೇರಿಯನ್ನು ನೇರವಾಗಿ ಸ್ಟ್ರೀಮ್ ಮಾಡುವುದಕ್ಕಿಂತ ರಾತ್ರಿ ಡೌನ್‌ಲೋಡ್ ಮಾಡಿ ಹಾರ್ಡ್‌ಡಿಸ್ಕಿನಲ್ಲಿ ಇಟ್ಟುಕೊಳ್ಳುವುದು ವಾಸಿ.

ವ್ಯತ್ಯಾಸ ಕೇಳುತ್ತದೆಯೇ?

ಸಿಡಿಗೂ ಹೈ-ರೆಸ್‌ಗೂ ವ್ಯತ್ಯಾಸ ಕೇಳುತ್ತದೆಯೇ ಎಂಬ ಪ್ರಶ್ನೆಗೆ ಪ್ರಯೋಗಗಳ ಉತ್ತರವಿದೆ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೊರಾನ್ ಎಂಬವರು ಹೈ-ರೆಸ್ ಧ್ವನಿಯ ದಾರಿಯಲ್ಲಿ ಸಿಡಿ ಮಟ್ಟದ ಪರಿವರ್ತನೆಯನ್ನು ಗುಟ್ಟಾಗಿ ಸೇರಿಸಿ ಕೇಳಿಸಿದಾಗ ಕೇಳುಗರಿಗೆ ಗುರುತಿಸಲಾಗಲಿಲ್ಲ. 2016ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಜೋಶುವಾ ರೀಸ್ ಇಂಥ 18 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದರು. ಸುಮ್ಮನೆ ಊಹಿಸಿದರೆ ನೂರಕ್ಕೆ 50 ಸರಿಯಾಗಬೇಕಾದಲ್ಲಿ 52.3ರಷ್ಟು ಸರಿಯಾಗಿದ್ದವು, ತರಬೇತಿ ಪಡೆದ ಕಿವಿಗಳಲ್ಲಿ ಇದು ಇನ್ನಷ್ಟು ಹೆಚ್ಚು. ವ್ಯತ್ಯಾಸ ಇರಬಹುದು, ಇದ್ದರೆ ಅತಿ ಸೂಕ್ಷ್ಮ. ತನ್ನ ಕಿವಿಯನ್ನೇ ಪರೀಕ್ಷಿಸಬೇಕೆನ್ನುವವರಿಗೆ ಫೂಬಾರ್2000ಕ್ಕೆ ಎಬಿಎಕ್ಸ್ ಎಂಬ ಉಚಿತ ಜೋಡಣೆ ಇದೆ. ಯಾವುದು ಯಾವುದೆಂದು ಹೇಳದೆ ಎರಡು ಕಡತಗಳನ್ನು ಕೇಳಿಸಿ ಲೆಕ್ಕ ಇಡುತ್ತದೆ. ಹೊಸ ಹೆಡ್‌ಫೋನ್ ಕೊಳ್ಳಬೇಕೋ ದುಬಾರಿ ಡ್ಯಾಕ್ ಕೊಳ್ಳಬೇಕೋ ಎಂಬ ಪ್ರಶ್ನೆ ಬಂದರೆ ಹೆಡ್‌ಫೋನಿಗೇ ಹಣ ಹಾಕುವುದು ಸರಿ. ಅಲ್ಲಿ ಸಿಗುವ ವ್ಯತ್ಯಾಸಕ್ಕೆ ಪರೀಕ್ಷೆಯೇ ಬೇಕಾಗುವುದಿಲ್ಲ.

24 ಬಿಟ್ ನಿಜವಾಗಿ ತನ್ನ ಬೆಲೆ ತೋರಿಸುವುದು ಧ್ವನಿ ಮುದ್ರಿಸುವಾಗ. ಮುಂದೆ ಎಷ್ಟು ಗಟ್ಟಿಯಾಗಿ ಹಾಡುತ್ತಾರೋ ತಿಳಿಯದಿರುವುದರಿಂದ ಮಟ್ಟವನ್ನು ತಗ್ಗಿಸಿಯೇ ಇಡಬೇಕಾಗುತ್ತದೆ. 24 ಬಿಟ್‌ನಲ್ಲಿ ಹಾಗೆ ತಗ್ಗಿಸಿದರೂ ಮೆಲುದನಿ ಗದ್ದಲದಲ್ಲಿ ಮುಳುಗುವುದಿಲ್ಲ. ಹಳೆಯ ಧ್ವನಿಸಂಗ್ರಹಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಸಂಸ್ಥೆ ಐಎಎಸ್‌ಎ ಕೂಡ ಟೇಪುಗಳನ್ನು ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ, ಸಾಧ್ಯವಾದರೆ 96ರಲ್ಲಿ ಅಂಕೀಕರಿಸಬೇಕೆಂದು ಹೇಳುತ್ತದೆ. ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ 1935ರಲ್ಲಿ ಆಕಾಶವಾಣಿ ಆರಂಭಿಸಿದ ಕಾಲದಿಂದ ಈ ನಾಡಿನಲ್ಲಿ ಬಾನುಲಿ ಕಚೇರಿ ಕೇಳುವ ರೂಢಿಯಿದೆ. ಕ್ಯಾಸೆಟ್ ಬಂದ ಮೇಲೆ ರೇಡಿಯೋದಿಂದ, ರಾಮನವಮಿ ಪೆಂಡಾಲಿನಿಂದ, ಮದುವೆಮನೆಯಿಂದ ಜನ ಮುದ್ರಿಸಿಕೊಂಡ ಕಚೇರಿಗಳು ಇಂದಿಗೂ ಮನೆಗಳ ಕಪಾಟಿನಲ್ಲಿವೆ. ಕ್ಯಾಸೆಟ್ಟಿನ ಪಟ್ಟಿ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ, ಬೂಷ್ಟು ಹಿಡಿಯುತ್ತದೆ, ನುಡಿಸುವ ಡೆಕ್‌ಗಳೂ ರಿಪೇರಿ ಮಾಡುವವರೂ ಕಡಿಮೆಯಾಗುತ್ತಿದ್ದಾರೆ. ಕೇಳಲು ಡ್ಯಾಕ್ ಕೊಳ್ಳುವವರು ಧ್ವನಿ ಒಳಗೆ ತೆಗೆದುಕೊಳ್ಳುವ ಲೈನ್-ಇನ್ ಕೂಡ ಇರುವ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಕೊಂಡರೆ ಎರಡೂ ಕೆಲಸ ಆಗುತ್ತದೆ. ಡೆಕ್‌ನ ತಲೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಆಡಾಸಿಟಿಯಲ್ಲಿ 24 ಬಿಟ್ ಇಟ್ಟು, ಅತಿ ಗಟ್ಟಿ ದನಿಯೂ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಂಡು ಒಂದೊಂದೇ ಕ್ಯಾಸೆಟ್ಟನ್ನು ಇಳಿಸಬೇಕು. ಗದ್ದಲ ತೆಗೆಯುವ ಸಾಧನಗಳನ್ನು ಮೂಲ ಪ್ರತಿಯ ಮೇಲೆ ಪ್ರಯೋಗಿಸದೆ, ಇಳಿಸಿದ್ದನ್ನು ಹಾಗೆಯೇ ಫ್ಲ್ಯಾಕ್ ಮಾಡಿ ಎರಡು ಬೇರೆ ಹಾರ್ಡ್‌ಡಿಸ್ಕುಗಳಲ್ಲಿ ಇಡಬೇಕು. ಹಾಡಿದವರ ಹೆಸರು, ಊರು, ವರ್ಷ ನೆನಪಿರುವ ಹಿರಿಯರು ಮನೆಯಲ್ಲಿರುವಾಗಲೇ ಅವರನ್ನು ಕೇಳಿ ಬರೆದುಕೊಳ್ಳಬೇಕು. ಕಪಾಟಿನಲ್ಲಿ ಇಂಥ ಕ್ಯಾಸೆಟ್ಟು ಇರುವವರು ಈ ಕೆಲಸವನ್ನು ಈ ವರ್ಷವೇ ಶುರುಮಾಡಲಿ.